ಬೇಸಿಗೆ ಕೊನೆಯ ಜೌಗಿನಲ್ಲಿ ಎಲ್ಲಾ ಹಕ್ಕಿಯೂ ಕಂದು! ಮರಿಗಳನ್ನು ಗುರುತಿಸುವುದು ಹೇಗೆ?

ಕೆಸರುಕಾಲು

ಎಲ್ಲರಿಗೂ ನಮಸ್ಕಾರ. ಬೇಸಿಗೆ ಮುಗಿಯುತ್ತಾ ಬಂದಿದೆ. ಜೌಗಿನಲ್ಲಿ ನೀರು ಇಳಿದು ದಂಡೆಯುದ್ದಕ್ಕೂ ಕೆಸರು ತೆರೆದುಕೊಂಡಿದೆ. ಹಕ್ಕಿಗಳೇನೋ ಬೇಕಾದಷ್ಟಿವೆ. ಆದರೆ ಅರ್ಧಕ್ಕರ್ಧ ಯಾವುವು ಅಂತಲೇ ಗೊತ್ತಾಗುತ್ತಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಇದೇ ಜಾಗದಲ್ಲಿ ಸಲೀಸಾಗಿ ಹೆಸರು ಹೇಳುತ್ತಿದ್ದೆ.

ಇವತ್ತು ಕಂಡದ್ದನ್ನು ಬರೆಯುತ್ತೇನೆ, ಸ್ವಲ್ಪ ಸಹಾಯ ಮಾಡಿ. ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಬಕದಂಥ ಗಿಡ್ಡ ಹಕ್ಕಿ. ಮೈ ಕಂದು, ರೆಕ್ಕೆ ಮೇಲೆಲ್ಲ ಬಿಳಿ ಚುಕ್ಕೆ, ಎದೆಯಲ್ಲಿ ಉದ್ದುದ್ದ ಗೀರು. ನೋಡುತ್ತಿದ್ದಷ್ಟು ಹೊತ್ತೂ ಅಲುಗಾಡಲಿಲ್ಲ. ಕೆಳಗೆ ಕೆಸರಿನಲ್ಲಿ ಇನ್ನೊಂದು. ನಡಿಗೆ ನೀರುಕೋಳಿಯದೇ, ಬಾಲ ಕುಣಿಸುವುದೂ ಹಾಗೇ. ಆದರೆ ಹಣೆಯಲ್ಲಿ ಕೆಂಪಿಲ್ಲ, ಕೊಕ್ಕು ಮಾಸಲು. ಆಮೇಲೆ ಮಲ್ಲಾರ್ಡ್ ಬಾತುಗಳ ಹಿಂಡು. ಒಂದೂ ಗಂಡಿಲ್ಲ! ನಾನು ದಂಡೆಗೆ ಬಂದ ಕೂಡಲೇ ಹಾರುವ ಬದಲು ಈಜುತ್ತಲೇ ಜೊಂಡಿನೊಳಗೆ ನುಸುಳಿದವು. ಮೊಬೈಲ್ ಆ್ಯಪ್‌ಗೆ ಆ ಬಕದ ಫೋಟೊ ಹಾಕಿದರೆ ಒಂದೊಂದು ಫೋಟೊಗೆ ಒಂದೊಂದು ಹೆಸರು ಹೇಳುತ್ತೆ.

ಹಳೇ ದುರ್ಬೀನು

ಕೊಂಬೆ ಮೇಲಿನದು ಇರುಳು ಬಕದ ಮರಿ. ಗೂಡಿನಲ್ಲಿ ಬಾಯಿ ತೆರೆದು ಕೂತ ಮರಿ ಅಲ್ಲ, ಹಾರಲು ಕಲಿತ ಈ ವರ್ಷದ್ದು. ಕಣ್ಣು ಯಾವ ಬಣ್ಣ ಇತ್ತು ನೋಡಿದಿರಾ? ಹಳದಿಯೋ ಕಿತ್ತಳೆಯೋ ಆಗಿದ್ದರೆ ಅನುಮಾನವೇ ಬೇಡ. ದೊಡ್ಡದಕ್ಕೆ ಕಣ್ಣು ಕೆಂಪು, ನೆತ್ತಿ ಬೆನ್ನು ಕಪ್ಪು, ರೆಕ್ಕೆ ಬೂದು. ಆ ಬಣ್ಣ ಪೂರ್ತಿ ಬರುವುದಕ್ಕೆ ಸುಮಾರು 3 ವರ್ಷ ಹಿಡಿಯುತ್ತದೆ. ಹಾಗಾಗಿ ನಡುವಿನ ವರ್ಷದವು ಅದೂ ಅಲ್ಲ ಇದೂ ಅಲ್ಲ ಅನ್ನುವಂತೆ ಇರುತ್ತವೆ. ಪಾಪ, ಆ್ಯಪ್ ತಾನೇ ಏನು ಮಾಡೀತು.

ಕೆಸರಿನಲ್ಲಿದ್ದದ್ದು ನೀರುಕೋಳಿಯೇ, ಅದೂ ಈ ವರ್ಷದ್ದು. ಪಕ್ಕೆಯಲ್ಲಿ ಉದ್ದಕ್ಕೆ ಒಂದು ಬಿಳಿ ಗೆರೆ, ಬಾಲದಡಿ ಎರಡೂ ಕಡೆ ಬಿಳಿ ಇರಬೇಕು. ಅವೆರಡೂ ಇಲ್ಲದೆ ಮುಖ, ಕತ್ತಿನ ಮುಂಭಾಗ ಬೆಳ್ಳಗಿದ್ದರೆ ಅದು ನಾಮದ ಕೋಳಿಯ ಮರಿ. ನಾಮ ಆಮೇಲೆ ಬರುತ್ತದೆ.

ಬಾತುಗಳ ವಿಷಯ ಬೇರೆ. ಅದರಲ್ಲಿ ಗಂಡುಗಳೂ ಇದ್ದವು ಅಂತ ನನ್ನ ಲೆಕ್ಕ. ಸಂಜೆ ಬಂದು ಬರೆಯುತ್ತೇನೆ.

ಮಂಜುಗಣ್ಣು

ಇರುಳು ಬಕ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ ಸರ್? ಕಂದು ಮೈ, ಗೀರು ಗೀರು, ಅಲುಗಾಡದೆ ನಿಲ್ಲೋದು, ಇದೆಲ್ಲ ಬಕದ ಜಾತಿಯದೇ ಆದ ಬಿಟರ್ನ್‌ಗೂ ಹೊಂದುತ್ತೆ ಅಲ್ವಾ?

ಹಳೇ ದುರ್ಬೀನು

ಒಳ್ಳೆ ಪ್ರಶ್ನೆ. ಇವೆರಡರ ಗೊಂದಲ ಮಾಮೂಲಿ. ದೊಡ್ಡ ಬಿಟರ್ನ್ ಹೀಗೆ ಬಯಲಿಗೆ ಕೊಂಬೆ ಮೇಲೆ ಬಂದು ಕೂರುವುದು ಅಪರೂಪ. ಅದು ಜೊಂಡಿನ ಒಳಗಿನ ಜೀವ. ಹೆದರಿದರೆ ಕೊಕ್ಕನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಜೊಂಡಿನ ಕಡ್ಡಿಗಳ ಜೊತೆ ಕಡ್ಡಿಯಾಗಿಬಿಡುತ್ತದೆ. ಬಣ್ಣವೂ ಒಣ ಜೊಂಡಿನ ಹೊಂಬಣ್ಣ, ನೆತ್ತಿ ಕಪ್ಪು. ಮುಖ್ಯವಾಗಿ ಬಿಟರ್ನ್ ಮೈಮೇಲೆ ಇರುವುದು ಗೀರು, ಪಟ್ಟೆ. ಇವರು ರೆಕ್ಕೆ ಮೇಲೆ ಬಿಳಿ ಚುಕ್ಕೆ ಅಂದಿದ್ದಾರೆ. ಇರುಳು ಬಕದ ಮರಿಗೆ ರೆಕ್ಕೆಯ ಒಂದೊಂದು ಗರಿಯ ತುದಿಯಲ್ಲೂ ಹನಿಯಂಥ ಬಿಳಿ ಚುಕ್ಕೆ ಇರುತ್ತದೆ. ಅಲ್ಲಿಗೆ ಮುಗಿಯಿತು.

ಗರಿಲೆಕ್ಕ

ಹೆಸರು ಹೇಳುವುದು ಸರಿ. ಆದರೆ ಮುಂದಿನ ಸಲ ಇವರು ಇನ್ಯಾವುದೋ ಕಂದು ಹಕ್ಕಿ ನೋಡಿ ಮತ್ತೆ ಇಲ್ಲಿಗೇ ಬರಬೇಕಾಗುತ್ತೆ. ಬಣ್ಣ ಬಿಟ್ಟು ಗರಿಯ ಸ್ಥಿತಿ ನೋಡುವುದನ್ನು ಕಲಿತರೆ ಅರ್ಧ ಕೆಲಸ ಸಲೀಸು.

ಈಗ ಜೌಗಿನಲ್ಲಿರುವ ದೊಡ್ಡ ಹಕ್ಕಿಯ ಗರಿ ಹಳೆಯದು. ಬಿಸಿಲು, ಗೂಡಿನ ಕೆಲಸ, ಮರಿಗಳಿಗೆ ಉಣಿಸುವ ಓಡಾಟ ಎಲ್ಲ ಸೇರಿ ಅಂಚು ಸವೆದು ಚಿಂದಿಯಾಗಿರುತ್ತದೆ. ಕೆಲವು ಗರಿ ಉದುರಿ ಹೊಸದು ಬರುತ್ತಿರುತ್ತದೆ. ಹಾರುವಾಗ ರೆಕ್ಕೆಯಲ್ಲಿ ಸಂದು ಕಾಣುತ್ತದೆ. ಈ ವರ್ಷದ ಮರಿಗೆ ಹಾಗಲ್ಲ. ಮೈಮೇಲಿನ ಗರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬೆಳೆದವು. ಎಲ್ಲವೂ ಒಂದೇ ವಯಸ್ಸಿನವು, ಎಲ್ಲವೂ ಹೊಸವು. ಅದಕ್ಕೇ ಮರಿಯ ಮೈ ಅಚ್ಚುಕಟ್ಟಾಗಿ ಕಾಣುತ್ತದೆ. ಕೆಸರಿನಲ್ಲಿ ಓಡಾಡುವ ಗೊರವಗಳನ್ನು ನೋಡಿ. ಮರಿಯ ಬೆನ್ನಿನ ಒಂದೊಂದು ಗರಿಗೂ ತೆಳು ಬಿಳಿ ಅಂಚು ಇದ್ದು, ಬೆನ್ನೆಲ್ಲ ಮೀನಿನ ಪೊರೆ ಜೋಡಿಸಿದಂತೆ ಇರುತ್ತದೆ.

ಬಾಲವನ್ನೂ ನೋಡಿ. ಗರಿ ಬೆಳೆಯುವ ದಿನಗಳಲ್ಲಿ ಹೊಟ್ಟೆಗೆ ಬೀಳದಿದ್ದರೆ ಆ ಜಾಗದಲ್ಲಿ ಗರಿಯ ಅಡ್ಡಕ್ಕೆ ಒಂದು ಸಣ್ಣ ದುರ್ಬಲ ಗೆರೆ ಉಳಿಯುತ್ತದೆ. ಮರಿಯ ಬಾಲದ ಗರಿಗಳೆಲ್ಲ ಒಟ್ಟಿಗೆ ಬೆಳೆದವಾದ್ದರಿಂದ ಆ ಗೆರೆ ಎಲ್ಲಾ ಗರಿಯಲ್ಲೂ ಒಂದೇ ಸಾಲಿಗೆ ಬರುತ್ತದೆ. ದೊಡ್ಡದರಲ್ಲಿ ಒಂದೊಂದು ಗರಿ ಒಂದೊಂದು ಸಮಯಕ್ಕೆ ಬಂದಿರುತ್ತೆ, ಸಾಲು ಕೂಡುವುದಿಲ್ಲ. ಇದು ಒಳ್ಳೆ ಫೋಟೊದಲ್ಲಿ ಮಾತ್ರ ಕಾಣುವ ವಿಷಯ, ಆದರೆ ಒಮ್ಮೆ ಕಂಡರೆ ಮರೆಯಲ್ಲ.

ಸುಮ್ನೆ ಓದುವವ

ನಾನು ಇಷ್ಟು ದಿನ ಹಕ್ಕಿಯ ಮುಖ ನೋಡ್ತಿದ್ದೆ. ಇನ್ನು ಮೇಲೆ ಬಾಲ ನೋಡಬೇಕು ಅನ್ನಿ.

ಹಳೇ ದುರ್ಬೀನು

ಬಾತುಗಳ ಕಥೆಗೆ ಬರೋಣ. ಬಹಳ ಹಕ್ಕಿಗಳು ರೆಕ್ಕೆಯ ಗರಿಯನ್ನು ಒಂದೊಂದಾಗಿ ಉದುರಿಸುತ್ತವೆ, ಹಾರಾಟ ನಿಲ್ಲಬಾರದಲ್ಲ. ಬಾತುಗಳು ಹಾಗಲ್ಲ. ಹಾರುವ ಗರಿಗಳನ್ನೆಲ್ಲ ಒಟ್ಟಿಗೇ ಉದುರಿಸಿಬಿಡುತ್ತವೆ. ಮಲ್ಲಾರ್ಡ್‌ನಂಥ ಬಾತಿಗೆ ಸುಮಾರು 3-4 ವಾರ ಹಾರಲು ಬರುವುದೇ ಇಲ್ಲ. ಈ ದಿನಗಳಲ್ಲಿ ಗಂಡು ತನ್ನ ಹಸಿರು ತಲೆಯನ್ನೂ ಬಿಟ್ಟು ಹೆಣ್ಣಿನ ಹಾಗೆ ಕಂದಾಗಿರುತ್ತದೆ. ಹಾರಲಾಗದ ಹೊತ್ತಿನಲ್ಲಿ ಥಳಥಳಿಸುತ್ತಾ ಕೂತರೆ ಬದುಕೋದು ಹೇಗೆ? ಅದಕ್ಕೇ ನಿಮ್ಮ ಹಿಂಡು ಈಜಿ ತಪ್ಪಿಸಿಕೊಂಡದ್ದು.

ಗಂಡು ಹೆಣ್ಣು ತಿಳಿಯಬೇಕಾದರೆ ಕೊಕ್ಕು ನೋಡಿ. ಗರಿ ಬದಲಾದರೂ ಕೊಕ್ಕಿನ ಬಣ್ಣ ಹಾಗೇ ಇರುತ್ತದೆ. ಗಂಡಿನದು ಹಸಿರು ಬೆರೆತ ಹಳದಿ. ಹೆಣ್ಣಿನದು ಕಿತ್ತಳೆ, ಮೇಲೆ ಕಪ್ಪು ಕಲೆ.

ಗರಿಲೆಕ್ಕ

ಅದೇ ಹಿಂಡಿನಲ್ಲಿ ಮರಿಗಳೂ ಇರಬಹುದು. ಬಾತುಮರಿಯ ಬಾಲದ ಗರಿಯ ತುದಿ ಚೂಪಾಗಿರುವುದಿಲ್ಲ, ನಡುವೆ ಸಣ್ಣ ಕಚ್ಚು ಇರುತ್ತದೆ. ಹುಟ್ಟುವಾಗಿನ ತುಪ್ಪುಳ ಗರಿಯ ತುದಿಗೇ ಅಂಟಿಕೊಂಡು ಹೊರಬಂದು, ಆಮೇಲೆ ಮುರಿದು ಬಿದ್ದ ಗುರುತು ಅದು.

ಕೆಸರುಕಾಲು

ಅಬ್ಬಾ, ಎಷ್ಟು ವಿಷಯ! ಎಲ್ಲರಿಗೂ ಧನ್ಯವಾದ. ಬಕದ ಕಣ್ಣು ಕಿತ್ತಳೆಯೇ, ಫೋಟೊ ದೊಡ್ಡದು ಮಾಡಿ ನೋಡಿದೆ.

ಇವತ್ತು ನೀರುಕೋಳಿ ಹತ್ತಿರ ಇನ್ನೊಂದು ವಿಚಿತ್ರ. ಆ ಕಂದು ಮರಿ ಇತ್ತಲ್ಲ, ಅದರ ಹಿಂದೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅನ್ನಬಹುದಾದ ಕರಿ ತುಪ್ಪುಳದ ಪುಟ್ಟ ಮರಿ ಓಡಾಡುತ್ತಿತ್ತು. ಕೊಕ್ಕು ಕೆಂಪು, ತುದಿ ಹಳದಿ, ನೆತ್ತಿ ಬೋಳು. ಕಂದು ಮರಿ ನೀರಿನಿಂದ ಏನೋ ಹೆಕ್ಕಿ, ತಾನು ನುಂಗದೆ ಅದರ ಬಾಯಿಗೆ ಹಿಡಿಯಿತು. ಮರಿಗೆ ಮರಿ ಉಣಿಸುತ್ತಾ?

ಹಳೇ ದುರ್ಬೀನು

ಉಣಿಸುತ್ತೆ! ಚೆನ್ನಾಗಿ ನೋಡಿದ್ದೀರಿ. ನೀರುಕೋಳಿ ಒಂದೇ ಋತುವಿನಲ್ಲಿ ಎರಡು ಮೂರು ಸಲ ಮೊಟ್ಟೆ ಇಡುತ್ತದೆ. ಮೊದಲ ಸಲದ ಮಕ್ಕಳು ಅಷ್ಟು ಹೊತ್ತಿಗೆ ಬೆಳೆದು ಅಲ್ಲೇ ಇರುತ್ತವೆ. ಅವು ತಮ್ಮಂದಿರಿಗೆ, ತಂಗಿಯರಿಗೆ ಉಣಿಸುವುದನ್ನು ಬಹಳ ಜನ ದಾಖಲಿಸಿದ್ದಾರೆ. ಬೇಸಿಗೆ ಕೊನೆಯಲ್ಲಿ ನಡೆಯುವವರಿಗೇ ಕಾಣುವ ನೋಟ ಇದು.

ಜೊಂಡಿನಕ್ಕ

ನೀರುಕೋಳಿ ಮನೆಯಲ್ಲಿ ಇಷ್ಟು ಅಕ್ಕರೆ. ಅದರ ದಾಯಾದಿ ನಾಮದ ಕೋಳಿ ಮನೆಗೆ ಹೋಗಿ ನೋಡಿ, ಬೇರೆಯೇ ಲೋಕ. ಮರಿಗೆ ತಲೆ ಕುತ್ತಿಗೆ ತುಂಬ ಕೆಂಪು ಕಿತ್ತಳೆ ಬಣ್ಣದ ಕೂದಲಿನಂಥ ಪುಕ್ಕ. ಅಪ್ಪ ಅಮ್ಮ ಇಬ್ಬರೂ ಕರಿ, ಮಗು ಮಾತ್ರ ಬೆಂಕಿ ಹೊತ್ತಿಕೊಂಡ ಹಾಗೆ! ಅಡಗಿರಬೇಕಾದ ಮರಿಗೆ ಇಷ್ಟು ಬಣ್ಣ ಯಾಕೆ?

ಅಮೆರಿಕದ ನಾಮದ ಕೋಳಿಯ ಮೇಲೆ ಇದನ್ನು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದರು. ಒಂದೇ ಗೂಡಿನ ಅರ್ಧ ಮರಿಗಳ ಕಿತ್ತಳೆ ತುದಿ ಕತ್ತರಿಸಿ ಕರಿಯ ಮರಿಗಳನ್ನಾಗಿ ಮಾಡಿದರು, ಉಳಿದವನ್ನು ಹಾಗೇ ಬಿಟ್ಟರು. ಅಪ್ಪ ಅಮ್ಮ ಬಣ್ಣ ಇದ್ದವಕ್ಕೇ ಜಾಸ್ತಿ ಉಣಿಸಿದವು. ಅಲ್ಲಿಗೆ ಆ ಬಣ್ಣ ಇರುವುದು ಹೆತ್ತವರ ಕಣ್ಣಿಗಾಗಿ ಅಂತಾಯಿತು. ಇನ್ನೊಂದು, ತೀರಾ ಹಟ ಮಾಡಿ ಬೇಡುವ ಮರಿಯ ತಲೆ ಹಿಡಿದು ಜಾಡಿಸುವುದೂ ಇದೆ. ಮೊದಲ ಸಲ ನೋಡಿದವರಿಗೆ ಕರುಳು ಚುರ್ ಅನ್ನುತ್ತೆ.

ಈ ಪುಕ್ಕ ಕೆಲವೇ ವಾರ ಇರುತ್ತದೆ. ಕೊನೆಗೆ ಮೊಟ್ಟೆ ಇಟ್ಟ ಜೋಡಿಗಳ ಹತ್ತಿರ ಈಗಲೂ ಹುಡುಕಬಹುದು.

ಮಳೆಬಿಲ್ಲು

ಒಂದು ಮಾತು. ಇಲ್ಲಿ ಎಲ್ಲರೂ ಬೇಸಿಗೆ ಕೊನೆ, ಬೇಸಿಗೆ ಕೊನೆ ಅಂತಿದ್ದೀರಿ. ಅದು ಚಳಿ ನಾಡುಗಳ ಲೆಕ್ಕ. ಅಲ್ಲಿ ವಸಂತದಲ್ಲಿ ಗೂಡು, ಆಗಸ್ಟ್ ಹೊತ್ತಿಗೆ ಮರಿ. ಮಳೆಯನ್ನೇ ನಂಬಿದ ನಾಡುಗಳಲ್ಲಿ ಬಹಳಷ್ಟು ನೀರಹಕ್ಕಿಗಳು ಮಳೆ ಹಿಡಿದ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿ ಆಗಸ್ಟ್‌ನಲ್ಲಿ ಇನ್ನೂ ಮೊಟ್ಟೆ, ತುಪ್ಪುಳದ ಮರಿ. ಹಾರುವ ಮರಿ ಕಾಣುವುದು ಮಳೆ ಹಿಂದಾದ ಮೇಲೆ. ಕ್ಯಾಲೆಂಡರ್ ನೋಡಿ ಹೊರಟರೆ ನಿರಾಸೆ ಆಗಬಹುದು. ಗರಿಯ ಪಾಠ ಮಾತ್ರ ಎಲ್ಲಾ ಕಡೆಗೂ ಒಂದೇ.

ಹಾಗೇ, ದೇವನಕ್ಕಿ ಇರುವ ಜೌಗಾದರೆ ತಾವರೆ ಎಲೆಗಳ ಮೇಲೆ ಕಣ್ಣಿಡಿ. ಅದರಲ್ಲಿ ಕಾವು ಕೂರುವುದು, ಮರಿ ಸಾಕುವುದು ಎಲ್ಲ ಅಪ್ಪನ ಕೆಲಸ. ಅಪಾಯ ಕಂಡರೆ ಮರಿಗಳನ್ನು ರೆಕ್ಕೆಯಡಿ ಎತ್ತಿಕೊಂಡು ನಡೆದುಬಿಡುತ್ತದೆ. ಆಗ ಅಪ್ಪನ ಹೊಟ್ಟೆ ಪಕ್ಕದಲ್ಲಿ ಉದ್ದುದ್ದ ಕಾಲ್ಬೆರಳು ನೇತಾಡುತ್ತಿರುತ್ತವೆ. ಎಷ್ಟು ಕಾಲು ಅಂತ ಎಣಿಸಬೇಕಷ್ಟೆ!

ಗೊದಮೊಟ್ಟೆ

ಹಕ್ಕಿಯವರೇ, ಸ್ವಲ್ಪ ಕೆಳಗೂ ನೋಡಿ. ನೀರಂಚಿನ ಜೊಂಡಿನ ಕಡ್ಡಿಗಳನ್ನು ಮೊಣಕಾಲಿನ ಎತ್ತರಕ್ಕೆ ಹುಡುಕಿದರೆ ಕಂದು ಬಣ್ಣದ ಒಣ ಹುಳ ಅಂಟಿಕೊಂಡಿರುತ್ತದೆ. ಸತ್ತ ಹುಳ ಅಂತ ಎಲ್ಲರೂ ದಾಟಿ ಹೋಗುತ್ತಾರೆ. ಅದು ಏರೋಪ್ಲೇನ್ ಚಿಟ್ಟೆ ಕಳಚಿಟ್ಟು ಹೋದ ಪೊರೆ. ನೀರಿನೊಳಗೆ ಮರಿಯಾಗಿ ಇದ್ದದ್ದು ಕಡ್ಡಿ ಹತ್ತಿ ಬಂದು, ಬೆನ್ನು ಸೀಳಿ, ರೆಕ್ಕೆಯೊಂದಿಗೆ ಹೊರಬಂದ ಜಾಗ.

ಕಡ್ಡಿಯನ್ನು ಕೀಳದೆ ಕಣ್ಣು ಹತ್ತಿರ ತಂದು ನೋಡಿ. ಆರು ಕಾಲೂ ಕಡ್ಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದಿರುತ್ತವೆ. ಕಣ್ಣಿನ ಜಾಗದಲ್ಲಿ ಗಾಜಿನಂಥ ಎರಡು ಉಬ್ಬು. ಬೆನ್ನಿನ ಸೀಳಿನಿಂದ ನಾಲ್ಕಾರು ಬಿಳಿ ನೂಲೆಳೆ ಹೊರಗೆ ಇಣುಕುತ್ತಿರುತ್ತವೆ. ಅವು ನೂಲಲ್ಲ, ಉಸಿರಾಟದ ಕೊಳವೆಗಳ ಒಳಪದರ. ಪೊರೆ ಬಿಡುವಾಗ ಅದೂ ಕಳಚಿ ಬರುತ್ತದೆ. ತಲೆಯ ಅಡಿಗೆ ಮಡಚಿಟ್ಟ ಕೈಯಂಥದ್ದೊಂದು ಇದೆ. ಅದು ಕೆಳತುಟಿ. ನೀರಿನಲ್ಲಿ ಅದನ್ನು ಫಟ್ ಅಂತ ಮುಂದಕ್ಕೆ ಚಾಚಿ ಗೊದಮೊಟ್ಟೆ, ಸಣ್ಣ ಮೀನು ಹಿಡಿಯುತ್ತಿತ್ತು.

ಹಾರುವ ಏರೋಪ್ಲೇನ್ ಚಿಟ್ಟೆ ಎಲ್ಲಿಂದಲೋ ಬಂದಿರಬಹುದು. ಪೊರೆ ಸಿಕ್ಕರೆ ಮಾತ್ರ ಅದು ಇದೇ ನೀರಿನಲ್ಲಿ ಬೆಳೆದದ್ದು ಅಂತ ಗ್ಯಾರಂಟಿ. ನನಗೆ ಅದಕ್ಕೇ ಪೊರೆ ಅಂದರೆ ಇಷ್ಟ.

ಕಪ್ಪೆಮರಿಗಳೂ ಈಗ ದಂಡೆಗೆ ಬರುತ್ತಿರುತ್ತವೆ. ನಾಲ್ಕು ಕಾಲೂ ಬಂದು ಬಾಲ ಮಾತ್ರ ಮೊಂಡಾಗಿ ಉಳಿದದ್ದು ಕಂಡರೆ, ಅದು ಉಪವಾಸದಲ್ಲಿದೆ ಅಂತ ತಿಳಿಯಿರಿ. ಬಾಯಿ, ಕರುಳು ಎಲ್ಲ ಹೊಸದಾಗಿ ರೂಪಗೊಳ್ಳುವ ಹೊತ್ತು ಅದು. ಬಾಲ ಕರಗಿ ಅದೇ ಮೈಗೆ ಆಹಾರ. ಹೆಜ್ಜೆ ನೋಡಿ ಇಡಿ.

ಹೊಸ ನಡಿಗೆ

ನಮಸ್ಕಾರ, ನಾನು ಇಲ್ಲಿ ಹೊಸಬಳು. ತುರ್ತು ಪ್ರಶ್ನೆ. ದಾರಿ ಪಕ್ಕದ ಹುಲ್ಲಿನಲ್ಲಿ ಒಂದು ಹಕ್ಕಿಮರಿ ಒಂಟಿಯಾಗಿ ಕೂತಿದೆ. ಬಾಲ ಗಿಡ್ಡ, ಬಾಯಿಯ ಎರಡು ಮೂಲೆಯಲ್ಲೂ ಹಳದಿ. ಹತ್ತಿರ ಹೋದರೆ ಕುಪ್ಪಳಿಸುತ್ತೆ, ಹಾರಲ್ಲ. ಅಮ್ಮ ಕಾಣಿಸುತ್ತಿಲ್ಲ. ಮನೆಗೆ ತರಲಾ?

ಜೊಂಡಿನಕ್ಕ

ತರಬೇಡಿ ತಂಗಿ. ಮೊದಲು ಅಲ್ಲಿಂದ ದೂರ ಬನ್ನಿ, ಚೆನ್ನಾಗಿ ದೂರ. ನೀವು ಅಲ್ಲಿ ನಿಂತಿರುವುದರಿಂದಲೇ ಅಮ್ಮ ಬರುತ್ತಿಲ್ಲ. ಬಹಳ ಸಣ್ಣ ಹಕ್ಕಿಗಳ ಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಗೂಡು ಬಿಡುತ್ತವೆ. ಗೂಡಿನಲ್ಲೇ ಎಲ್ಲ ಒಟ್ಟಿಗೆ ಇದ್ದರೆ ಒಂದು ಹಾವು ಬಂದರೂ ಇಡೀ ಸಂಸಾರ ಹೋಯಿತು. ಒಂದೊಂದು ಒಂದೊಂದು ಪೊದೆಯಲ್ಲಿ ಅಡಗುತ್ತದೆ. ಅಪ್ಪ ಅಮ್ಮ ಅವುಗಳ ಕೂಗು ಕೇಳಿ ಹುಡುಕಿಕೊಂಡು ಬಂದು ಉಣಿಸುತ್ತವೆ.

ಸುಮ್ನೆ ಓದುವವ

ಮನುಷ್ಯರು ಮುಟ್ಟಿದರೆ ವಾಸನೆಗೆ ತಾಯಿ ಮರಿಯನ್ನು ಬಿಟ್ಟುಬಿಡುತ್ತೆ ಅಂತಾರಲ್ಲ?

ಜೊಂಡಿನಕ್ಕ

ಅದು ಸುಳ್ಳು. ಹಕ್ಕಿಗಳು ಅಷ್ಟಕ್ಕೆಲ್ಲ ಮರಿ ಬಿಡುವುದಿಲ್ಲ. ಮುಟ್ಟಬೇಡಿ ಅನ್ನುವುದಕ್ಕೆ ಕಾರಣ ಬೇರೆ. ಮರಿ ಗಾಬರಿಯಾಗುತ್ತದೆ, ಜಾಗ ತಪ್ಪುತ್ತದೆ. ದಾರಿ ಮಧ್ಯದಲ್ಲೋ ಬೆಕ್ಕಿನ ಎದುರಿಗೋ ಇದ್ದರೆ ಎತ್ತಿ ಪಕ್ಕದ ಪೊದೆಯೊಳಗೆ ಬಿಡಿ, ಏನೂ ಆಗುವುದಿಲ್ಲ.

ರಕ್ತ ಇದ್ದರೆ, ರೆಕ್ಕೆ ಮುರಿದು ಜೋತುಬಿದ್ದಿದ್ದರೆ, ಇರುವೆ ಮುತ್ತಿದ್ದರೆ, ಬೆಕ್ಕು ಕಚ್ಚಿದ್ದರೆ ಮಾತ್ರ ಎತ್ತಿಕೊಳ್ಳಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆ, ಕತ್ತಲು, ಸದ್ದಿಲ್ಲದ ಜಾಗ, ಆಮೇಲೆ ವನ್ಯಜೀವಿ ರಕ್ಷಣೆಯವರಿಗೆ ಫೋನ್. ಬಾಯಿಗೆ ನೀರು ಬಿಡಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಹಾಲು, ಬ್ರೆಡ್ ಯಾವುದೂ ಬೇಡ.

ಹೊಸ ನಡಿಗೆ

ದೂರ ಬಂದು ನಿಂತೆ ಅಕ್ಕ. ಒಂದು ಕಂದು ಹಕ್ಕಿ ಬಾಯಿ ತುಂಬ ಹುಳ ಹಿಡಿದುಕೊಂಡು ಬಂತು!! ಈಗ ಎರಡೂ ಪೊದೆಯೊಳಗೆ.

ಕ್ಲಿಕ್ ಕ್ಲಿಕ್

ನಾನು ಮೆಟ್ಟುಗಾಲು ಹಕ್ಕಿಯ ಮರಿಗಳ ಫೋಟೊ ತೆಗೆಯಲು ಕೆಸರಿಗೆ ಇಳಿದಿದ್ದೆ. ದೊಡ್ಡ ಹಕ್ಕಿ ರೆಕ್ಕೆ ಮುರಿದವರ ಹಾಗೆ ನೆಲಕ್ಕೆ ಬಿದ್ದು ಒದ್ದಾಡಿತು. ಒಳ್ಳೆ ಫೋಟೊ ಸಿಕ್ಕಿತು. ನಾಳೆ ಇನ್ನೂ ಹತ್ತಿರದಿಂದ ನೋಡಬೇಕು.

ಹಳೇ ದುರ್ಬೀನು

ಅಣ್ಣಾ, ದಯವಿಟ್ಟು ಬೇಡ. ಅದು ನಾಟಕ. ನಿಮ್ಮನ್ನು ತನ್ನ ಕಡೆ ಸೆಳೆದು ಮರಿಗಳಿಂದ ದೂರ ಕರೆದೊಯ್ಯುವ ಉಪಾಯ. ಆ ನಾಟಕ ಶುರುವಾಯಿತು ಅಂದರೆ ನೀವು ಆಗಲೇ ತೀರಾ ಹತ್ತಿರ ಹೋಗಿದ್ದೀರಿ. ಮೊಟ್ಟೆ ಒಡೆದ ಕೆಲವೇ ಗಂಟೆಗಳಲ್ಲಿ ಆ ಮರಿಗಳು ಓಡಾಡಿ ತಾವೇ ಹೆಕ್ಕಿ ತಿನ್ನುತ್ತವೆ. ಆದರೆ ಅಮ್ಮನ ಎಚ್ಚರಿಕೆ ಕೇಳಿದರೆ ಇದ್ದಲ್ಲೇ ಅಂಟಿ ಕೂತುಬಿಡುತ್ತವೆ. ಬಣ್ಣವೂ ಕೆಸರಿನದೇ, ಕಣ್ಣಿಗೆ ಬೀಳುವುದಿಲ್ಲ. ಕಾಲಡಿ ಸಿಕ್ಕರೂ ಏಳುವುದಿಲ್ಲ. ಹಾಗೊಮ್ಮೆ ಆದರೆ ಬಂದ ಹೆಜ್ಜೆ ಗುರುತಿನ ಮೇಲೇ ಹಿಂದೆ ಬನ್ನಿ.

ಕ್ಲಿಕ್ ಕ್ಲಿಕ್

ಎಲ್ಲದಕ್ಕೂ ಬೇಡ ಅಂದರೆ ಫೋಟೊ ತೆಗೆಯೋದು ಹೇಗೆ ಸ್ವಾಮಿ? ಫೋಟೊ ನೋಡಿಯೇ ಅಲ್ವಾ ನೀವೆಲ್ಲ ಬಾಲದ ಗೆರೆ ಹೇಳ್ತಿರೋದು?

ಗರಿಲೆಕ್ಕ

ಮಾತು ನ್ಯಾಯವೇ. ಫೋಟೊ ಬೇಕು. ಆದರೆ ಹಕ್ಕಿಯ ಹಿಂದೆ ಹೋಗಿ ತೆಗೆಯುವ ಬದಲು ಕೂತು ತೆಗೆಯಿರಿ. ಬಿಸಿಲೇರುವ ಮೊದಲು ದಂಡೆಗೆ ಹೋಗಿ, ಸೂರ್ಯ ಬೆನ್ನಿಗಿರುವ ಹಾಗೆ ಪೊದೆ ಪಕ್ಕ ಕುಳಿತುಕೊಳ್ಳಿ. ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಕುಳಿತವನನ್ನು ಸ್ವಲ್ಪ ಹೊತ್ತಿಗೆ ಮರೆಯುತ್ತದೆ. ಮರಿಗಳು ಹೊಟ್ಟೆಪಾಡಿಗೆ ನೀರಂಚಿನಲ್ಲೇ ಸುತ್ತುತ್ತಾ ತಾವೇ ನಿಮ್ಮ ಮುಂದೆ ಬರುತ್ತವೆ. ಮೊಬೈಲ್‌ನಲ್ಲಿ ಕೂಗು ಹಾಕಿ ಕರೆಯುವುದು, ಡ್ರೋನ್ ಹಾರಿಸುವುದು ಮಾತ್ರ ಬೇಡವೇ ಬೇಡ. ಗೂಡಿನ ಜಾಗವನ್ನೂ ಬರೆಯಬೇಡಿ.

ಜೊಂಡಿನಕ್ಕ

ಕೂಗಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಈ ಕಾಲದಲ್ಲಿ ಹಾಡು ಕಮ್ಮಿ, ಬೇಡುವ ದನಿ ಜಾಸ್ತಿ. ಒಂದೇ ಸಮನೆ ಚೀ ಚೀ ಚೀ ಅಂತ ಜೊಂಡಿನೊಳಗಿಂದ ಬಂದರೆ ನಿಂತು ಕೇಳಿ. ಎಂಟು ಹತ್ತು ಮರಿ ಇರುವ ಹಾಗೆ ಕೇಳಿಸಿ, ಒಂದೇ ಒಂದು ದಡೂತಿ ಮರಿ ಕಂಡರೆ ಅದು ಕುಕ್ಕೂ ಕೋಗಿಲೆಯದು. ಯುರೋಪಿನ ಜೌಗುಗಳಲ್ಲಿ ಅದು ಜೊಂಡಿನ ಉಲಿಯಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಸಾಕುತಾಯಿಯ ತೂಕ ಸುಮಾರು 12 ಗ್ರಾಂ, ಮರಿಯದು 100ರ ಹತ್ತಿರ. ಉಣಿಸುವಾಗ ತಾಯಿಯ ತಲೆಯೇ ಮರಿಯ ಬಾಯೊಳಗೆ ಹೋಗಿರುತ್ತದೆ! ಒಂದು ಮರಿಯ ಬಾಯಿ ನೋಡಿ ಅಷ್ಟೊಂದು ಹುಳ ತರಲು ಯಾವ ತಾಯಿಗೂ ಮನಸ್ಸು ಬರಲ್ಲ. ಅದಕ್ಕೇ ಆ ಮರಿ ಒಂದು ಗೂಡು ತುಂಬ ಮರಿಗಳು ಕೂಗಿದ ಹಾಗೆ ಬೇಡುತ್ತದೆ. 1998ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು.

ಹುಟ್ಟಿದ ಕೂಡಲೇ ಉಳಿದ ಮೊಟ್ಟೆಗಳನ್ನು ಬೆನ್ನಿನಿಂದ ನೂಕಿ ಹೊರಗೆ ಹಾಕುವುದೂ ಆ ಮರಿಯೇ. ಅದನ್ನು ಕಣ್ಣಾರೆ ನೋಡಿ 1788ರಲ್ಲಿ ವರದಿ ಮಾಡಿದವರು ಎಡ್ವರ್ಡ್ ಜೆನ್ನರ್. ಆಮೇಲೆ ಸಿಡುಬಿಗೆ ಲಸಿಕೆ ತಂದ ಅದೇ ಜೆನ್ನರ್.

ಮಂಜುಗಣ್ಣು

ಹೆತ್ತವರನ್ನು ಒಂದು ದಿನವೂ ನೋಡದೆ ಅದು ವಲಸೆ ಹೋಗೋದು ಹೇಗೆ?

ಜೊಂಡಿನಕ್ಕ

ಒಂಟಿಯಾಗಿ. ದೊಡ್ಡ ಕೋಗಿಲೆಗಳು ಬೇಸಿಗೆ ನಡುವಿನಲ್ಲೇ ಹೊರಟುಬಿಟ್ಟಿರುತ್ತವೆ. ಮರಿಗಳು ವಾರಗಟ್ಟಲೆ ತಡವಾಗಿ, ದಾರಿ ತೋರಿಸುವವರಿಲ್ಲದೆ ಹೋಗುತ್ತವೆ. ದಿಕ್ಕು ರಕ್ತದಲ್ಲೇ ಬಂದಿರುತ್ತೆ. ಬೇಸಿಗೆ ಕೊನೆಗೆ ಅಲ್ಲಿನ ಬೇಲಿ ಮೇಲೆ ಕಾಣುವ ಕುಕ್ಕೂ ಬಹುಮಟ್ಟಿಗೆ ಮರಿಯೇ. ಕತ್ತಿನ ಹಿಂದೆ ಒಂದು ಬಿಳಿ ಮಚ್ಚೆ ಇರುತ್ತದೆ, ನೋಡಿ.

ಕೆಸರುಕಾಲು

ನೀರುನಾಯಿ ಮರಿ ಕಾಣೋ ಸಾಧ್ಯತೆ ಇದೆಯಾ? ದಂಡೆ ಕಲ್ಲಿನ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಹಿಕ್ಕೆ ನೋಡಿದೆ.

ಗೊದಮೊಟ್ಟೆ

ಹಿಕ್ಕೆ ಇದ್ದರೆ ನೀರುನಾಯಿ ಓಡಾಟ ಇದೆ ಅಂತಲೇ. ಮರಿ ಕಾಣುವುದು ಅದೃಷ್ಟ. ಮುಂಜಾನೆ ಅಥವಾ ಮುಸ್ಸಂಜೆ ನೋಡಿ. ನೀರುನಾಯಿ ಮರಿಗೆ ನೀರೆಂದರೆ ಮೊದಲು ಭಯ, ಅಮ್ಮನೇ ಎಳೆದು ಇಳಿಸಬೇಕು.

ಹೊಸ ನಡಿಗೆ

ಇನ್ನೊಂದು ಕೇಳಬಹುದಾ? ಇವತ್ತು ಒಂದು ಪುಟ್ಟ ನೀಲಿ ಮಿಂಚುಳ್ಳಿ ನೋಡಿದೆ. ಬಣ್ಣ ಮಂಕು, ಎದೆಯಲ್ಲಿ ಕೊಳೆ ಮೆತ್ತಿದ ಹಾಗಿತ್ತು. ಕಾಲು ಕೆಂಪಗಿರಲಿಲ್ಲ. ನೀರಿಗೆ ಬಿದ್ದು ಒಂದು ಎಲೆಯನ್ನು ಕಚ್ಚಿಕೊಂಡು ಮೇಲೆ ಬಂತು! ಕಾಯಿಲೆ ಇರಬಹುದಾ?

ಹಳೇ ದುರ್ಬೀನು

ಕಾಯಿಲೆ ಏನಿಲ್ಲ, ಅದೂ ಮರಿಯೇ. ಕಾಲು ಮಾಸಲು, ಎದೆ ಮಂಕು, ಕೊಕ್ಕಿನ ತುದಿಯಲ್ಲಿ ಸಣ್ಣ ಬಿಳಿ ಚುಕ್ಕೆ. ಗೂಡು ಬಿಟ್ಟ ಕೆಲವೇ ದಿನಗಳಲ್ಲಿ ಅಪ್ಪ ಅಮ್ಮ ಮೀನು ಕೊಡುವುದು ನಿಲ್ಲಿಸಿ ಓಡಿಸಿಬಿಡುತ್ತವೆ. ಅಷ್ಟರಲ್ಲಿ ಕಲಿಯಬೇಕು. ಎಲೆ, ಕಡ್ಡಿ ಹಿಡಿಯುವುದೆಲ್ಲ ಅಭ್ಯಾಸದ ಭಾಗ. ಅದೇ ಕೊಂಬೆಗೆ ವಾಪಸ್ ಬರುತ್ತಿದೆಯಾ? ಬರುತ್ತಿದ್ದರೆ ಆ ಜಾಗ ಅದಕ್ಕೆ ಹಿಡಿಸಿದೆ ಅಂತ ಅರ್ಥ, ನಾಳೆಯೂ ಅಲ್ಲೇ ಹುಡುಕಿ.

ಹೊಸ ನಡಿಗೆ

ಹೌದು, ಅದೇ ಕೊಂಬೆ. ಎಲೆಯನ್ನು ಕೊಂಬೆಗೆ ಬಡಿದು ಬಡಿದು ಆಮೇಲೆ ಬಿಟ್ಟುಬಿಟ್ಟಿತು.

ಸುಮ್ನೆ ಓದುವವ

ಎಲೆಗೆ ಏಟು ಬಿತ್ತು ಪಾಪ. ಫೋಟೊ ಇದ್ದರೆ ಹಾಕಿ, ಕೊಕ್ಕಿನ ಬಿಳಿ ಚುಕ್ಕೆ ನೋಡೋಣ.